ಬಾಯಾರಿದ ಕಾಡು

ಕಾಡು ಹಾಳಾಯಿತೆಂಬ ಮಾತು ಬಂದೊಡನೆ ನಮ್ಮ ಜನರ ಮನಸ್ಸಿಗೆ ಮೊದಲು ಸುಳಿಯುವುದು ಬೆಂಕಿ. ಖಾಂಡವದಹನದ ಕಥೆಯನ್ನು ಕೇಳುತ್ತ ಬೆಳೆದವರಿಗೆ ಇದು ಸಹಜವೂ ಹೌದು. 2019ರ ಫೆಬ್ರುವರಿ ತಿಂಗಳಲ್ಲಿ ಬಂಡೀಪುರದ ಅರಣ್ಯಕ್ಕೆ ಬೆಂಕಿ ಬಿದ್ದು, ಕೆಲವೇ ದಿನಗಳಲ್ಲಿ 10,000 ಎಕರೆಗೂ ಮಿಕ್ಕಿದ ಕಾಡು ಕರಿಕಾದಾಗ, ನಾಡಿನ ಒಳಗೂ ಹೊರಗೂ ಕನ್ನಡಿಗರ ಮನೆಗಳಲ್ಲಿ ಅದರ ಮಾತೇ ಮಾತಾಗಿತ್ತು. ವಾಯುಸೇನೆಯ ಹೆಲಿಕಾಪ್ಟರುಗಳು ನೀರನ್ನು ಹೊತ್ತು ತಂದು ಉರಿಯ ಮೇಲೆ ಸುರಿದ ಚಿತ್ರಗಳನ್ನು ಎಲ್ಲರೂ ನೋಡಿದರು. ಕೆಲವರು ಅತ್ತರು, ಹಲವರು ಸರಕಾರವನ್ನು ಬೈದರು. ಅನಂತರ ಎರಡು ಮಳೆ ಬಿದ್ದು ಬೂದಿಯ ನಡುವೆ ಹಸುರು ಚಿಗಿಯಿತು. ಮಾತೂ ಅಲ್ಲಿಗೇ ನಿಂತಿತು.

ಈ ಬಗೆಯ ಮರುಕದಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಬೆಂಕಿಯು ನಾಟಕದ ಕೊನೆಯ ಅಂಕ. ಅದಕ್ಕಿಂತ ಎಷ್ಟೋ ತಿಂಗಳು, ಕೆಲವೊಮ್ಮೆ ಎಷ್ಟೋ ವರ್ಷ ಮೊದಲೇ ಅನಾವೃಷ್ಟಿ ಮತ್ತು ಬಿಸಿಲು ಎಂಬ ಎರಡು ಪಾತ್ರಗಳು ರಂಗದ ಮೇಲೆ ಬಂದು ತಮ್ಮ ಕೆಲಸವನ್ನು ಸದ್ದಿಲ್ಲದೆ ಮುಗಿಸಿರುತ್ತವೆ. ಬಾಯಾರಿ ಸಾಯುವ ಮರವು ಕೂಗುವುದಿಲ್ಲ, ಹೊಗೆಯಾಡುವುದಿಲ್ಲ. ಆದುದರಿಂದ ಅದರ ಸುದ್ದಿ ಪತ್ರಿಕೆಗೆ ಬರುವುದಿಲ್ಲ. ಆ ಸದ್ದಿಲ್ಲದ ಸಾವು ಹೇಗೆ ನಡೆಯುತ್ತದೆಂಬುದನ್ನು ತಿಳಿಯದೆ ಕಾಡಿನ ರಕ್ಷಣೆಯ ಮಾತನ್ನಾಡುವುದು, ರೋಗವನ್ನು ಅರಿಯದೆ ಔಷಧಿ ಕೊಟ್ಟಂತೆಯೇ ಸರಿ.

ಮರವು ನೀರು ಕುಡಿಯುವ ಕ್ರಮವು ಒಂದು ಅಚ್ಚರಿ. ನೂರಡಿ ಎತ್ತರದ ಮರದ ತುದಿಯ ಎಲೆಗೆ ನೀರನ್ನು ಏರಿಸಲು ಬೇರಿನಲ್ಲಿ ಯಾವ ಪಂಪೂ ಇಲ್ಲ. ಎಲೆಯ ಮೈಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹಾಗೆ ಹೋದ ಪ್ರತಿಯೊಂದು ಕಣವೂ ತನ್ನ ಹಿಂದಿನ ಕಣವನ್ನು ಎಳೆಯುತ್ತದೆ. ಆ ಎಳೆತವು ಕಾಂಡದೊಳಗಿನ ಕೂದಲಿಗಿಂತ ಸಪುರವಾದ ನಾಳಗಳಲ್ಲಿ ಇಳಿಯುತ್ತ ಇಳಿಯುತ್ತ ಬೇರನ್ನು ಮುಟ್ಟಿ, ಮಣ್ಣಿನಿಂದ ನೀರನ್ನು ಸೆಳೆಯುತ್ತದೆ. ಬಾವಿಯ ಹಗ್ಗದಂತೆ ಎಳೆದು ಬಿಗಿದ ನೀರಿನ ಎಳೆ ಅದು. ಮಣ್ಣಿನಲ್ಲಿ ತೇವವಿರುವ ತನಕ ಹಗ್ಗ ಸುಖವಾಗಿ ಓಡುತ್ತದೆ. ಮಣ್ಣು ಒಣಗಿದಂತೆಲ್ಲ ಎಳೆತ ಹೆಚ್ಚುತ್ತದೆ, ಹಗ್ಗ ಬಿಗಿಯುತ್ತದೆ. ಒಂದು ಮಿತಿಯನ್ನು ಮೀರಿದರೆ ಅದು ಹರಿದೇ ಹೋಗುತ್ತದೆ. ನಾಳದೊಳಕ್ಕೆ ಗಾಳಿಯ ಗುಳ್ಳೆ ನುಗ್ಗುತ್ತದೆ. ಗಾಳಿ ಹೊಕ್ಕ ನಾಳವು ಮತ್ತೆ ನೀರನ್ನು ಸಾಗಿಸಲಾರದು. ಒಂದು ನಾಳ ಹೋದರೆ ಮರಕ್ಕೆ ಏನೂ ಆಗುವುದಿಲ್ಲ. ನೂರು ಹೋದರೆ ಒಂದು ಕೊಂಬೆ ಒಣಗುತ್ತದೆ. ಬಹುಪಾಲು ಹೋದರೆ, ಮುಂದೆ ಎಷ್ಟು ಮಳೆ ಸುರಿದರೂ ಆ ಮರಕ್ಕೆ ಅದು ದಕ್ಕುವುದಿಲ್ಲ.

ಮರಗಳೇನೂ ದಡ್ಡವಲ್ಲ. ಅಪಾಯದ ಸೂಚನೆ ದೊರೆತೊಡನೆ ಅವು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ಆದರೆ ಇಲ್ಲೊಂದು ಇಕ್ಕಟ್ಟು. ನೀರು ಹೊರಗೆ ಹೋಗುವ ಬಾಗಿಲೇ ಇಂಗಾಲಾಮ್ಲವು ಒಳಗೆ ಬರುವ ಬಾಗಿಲು. ಅದನ್ನು ಮುಚ್ಚಿದರೆ ಬಾಯಾರಿಕೆ ತಡೆದೀತು, ಆದರೆ ಅಡಿಗೆ ನಿಲ್ಲುತ್ತದೆ. ಮರವು ಕೂಡಿಟ್ಟ ಪಿಷ್ಟವನ್ನು ತಿಂದುಕೊಂಡು ದಿನ ನೂಕಬೇಕು. ಬರ ಒಂದು ವರ್ಷಕ್ಕೆ ಮುಗಿದರೆ ಸರಿ; ಎರಡನೆಯ, ಮೂರನೆಯ ವರ್ಷಕ್ಕೂ ನಿಂತರೆ ಕಣಜ ಬರಿದಾಗುತ್ತದೆ. ಹಾಗೆ ಬಡವಾದ ಮರಕ್ಕೆ ಗಾಯವನ್ನು ಮಾಯಿಸಿಕೊಳ್ಳುವ ಶಕ್ತಿಯಿಲ್ಲ, ತೊಗಟೆಯನ್ನು ಕೊರೆಯಬಂದ ಹುಳುವನ್ನು ಅಂಟಿನಿಂದ ಮುಳುಗಿಸಿ ಹೊರದೂಡುವ ಶಕ್ತಿಯೂ ಇಲ್ಲ. ಬರದಿಂದ ಸತ್ತವೆಂದು ನಾವು ಲೆಕ್ಕ ಹಾಕುವ ಮರಗಳಲ್ಲಿ ಅನೇಕವನ್ನು ಕಟ್ಟಕಡೆಗೆ ಕೊಂದದ್ದು ಅಕ್ಕಿಕಾಳಿಗಿಂತಲೂ ಚಿಕ್ಕದಾದ ದುಂಬಿ. ದುಂಬಿಯ ಮೇಲೆ ಕೊಲೆಯ ಆರೋಪ ಹೊರಿಸುವುದು ಸುಲಭ. ಬಾಗಿಲನ್ನು ತೆರೆದುಕೊಟ್ಟವರು ಯಾರೆಂದು ಕೇಳಬೇಕಷ್ಟೆ.

ನಮ್ಮ ಕಾಲದ ಬರಕ್ಕೂ ಹಿಂದಿನ ಕಾಲದ ಬರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮಳೆ ಹೋದ ವರ್ಷಗಳು ಹಿಂದೆಯೂ ಇದ್ದವು. ಡೋಗಿಬರದಂಥ ಭೀಕರ ಕ್ಷಾಮದ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಆದರೆ ಇಂದಿನ ಬರವು ಬಿಸಿಯಾದ ಬರ. ಗಾಳಿಯ ಶಾಖವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಅದು ತುಂಬಿಕೊಳ್ಳಬಲ್ಲ ನೀರಾವಿಯು ಶೇಕಡಾ 7ರಷ್ಟು ಹೆಚ್ಚುತ್ತದೆ. ಗಾಳಿಗೆ ಬಾಯಾರಿಕೆ ಹೆಚ್ಚಿತೆಂದು ಹೇಳಬಹುದು. ಹಾಗೆ ಬಾಯಾರಿದ ಗಾಳಿಯು ಎಲೆಯಿಂದಲೂ ಮಣ್ಣಿನಿಂದಲೂ ತನ್ನ ಪಾಲನ್ನು ಬಲವಂತವಾಗಿ ಕಸಿಯುತ್ತದೆ. ಮಳೆಯ ಕೊರತೆ ಅಷ್ಟೇ ಇದ್ದರೂ ಮರದ ಸಂಕಟ ಇಮ್ಮಡಿಸುವುದು ಹೀಗೆ. 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಲೋಕದ ನಾನಾ ಭಾಗಗಳ 226 ಜಾತಿಯ ಮರಗಳನ್ನು ಪರೀಕ್ಷಿಸಿದಾಗ, ಸುಮಾರು ಶೇಕಡಾ 70ರಷ್ಟು ಜಾತಿಗಳು ತಮ್ಮ ನೀರಿನ ಎಳೆ ಹರಿಯುವ ಮಿತಿಗೆ ತೀರ ಸಮೀಪದಲ್ಲಿಯೇ ಬದುಕುತ್ತಿರುವುದು ಕಂಡುಬಂದಿತು. ಮಳೆನಾಡಿನ ಮರವೂ ಅಷ್ಟೇ, ಒಣನಾಡಿನ ಮರವೂ ಅಷ್ಟೇ. ತನಗೆ ದೊರೆಯುವ ನೀರಿಗೆ ತಕ್ಕಂತೆ ಮೈ ಬೆಳೆಸಿಕೊಂಡ ಮರವು ಹೆಚ್ಚಿನ ಆಪದ್ಧನವನ್ನೇನೂ ಇಟ್ಟುಕೊಂಡಿರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 2012ರಿಂದ 2016ರವರೆಗೆ ಬಿದ್ದ ಬರದಲ್ಲಿ ಈ ಮಾತು ಪ್ರತ್ಯಕ್ಷವಾಯಿತು. ಅಲ್ಲಿನ ಅರಣ್ಯ ಇಲಾಖೆಯು 2017ರ ಕೊನೆಗೆ ಕೊಟ್ಟ ಅಂದಾಜಿನಂತೆ, 2010ರಿಂದೀಚೆಗೆ ಸತ್ತ ಮರಗಳು 12 ಕೋಟಿ 90 ಲಕ್ಷ. ವಿಮಾನದಿಂದ ನೋಡಿದವರಿಗೆ ಬೆಟ್ಟಕ್ಕೆ ಬೆಟ್ಟವೇ ತುಕ್ಕು ಹಿಡಿದಂತೆ ಕಾಣುತ್ತಿತ್ತು. ಅದೇ ಬೆಟ್ಟಗಳಲ್ಲಿ ಸಿಕೋಯ ಎಂಬ ದೈತ್ಯವೃಕ್ಷಗಳಿವೆ. ಅವುಗಳಲ್ಲಿ ಕೆಲವಕ್ಕೆ 3,000 ವರ್ಷಕ್ಕೂ ಮೀರಿದ ವಯಸ್ಸು. ಸಣ್ಣಪುಟ್ಟ ಕಾಡ್ಗಿಚ್ಚು ಅವಕ್ಕೆ ಲೆಕ್ಕವೇ ಇಲ್ಲ. ಅಡಿಗಟ್ಟಲೆ ದಪ್ಪದ ತೊಗಟೆ ಅವುಗಳ ಕವಚ, ಬೆಂಕಿಯ ಶಾಖದಿಂದಲೇ ಅವುಗಳ ಕಾಯಿ ಬಿರಿದು ಬೀಜ ನೆಲಕ್ಕೆ ಉದುರುವುದು. ಆದರೆ ಬರದಲ್ಲಿ ಸತ್ತು ನಿಂತ ನೆರೆಮರಗಳ ಕಟ್ಟಿಗೆಯನ್ನು ತಿಂದು ಎದ್ದ 2020ರ ಬೆಂಕಿಯೊಂದರಲ್ಲಿಯೇ ಲೋಕದಲ್ಲಿರುವ ದೊಡ್ಡ ಸಿಕೋಯಗಳ ಪೈಕಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಅಳಿದುಹೋದುವೆಂದು ಅಂದಾಜು. ಬುದ್ಧನಿಗೂ ಮೊದಲು ಮೊಳೆತು, ಸಾಮ್ರಾಜ್ಯಗಳೆಲ್ಲ ಹುಟ್ಟಿ ಅಳಿಯುವ ತನಕ ನಿಂತಿದ್ದ ಮರಗಳು ಕೆಲವು ವಾರಗಳಲ್ಲಿ ಹೋದುವು. ಜರ್ಮನಿಯ ಕಥೆಯೂ ಇಂಥದೇ. 2018ರಿಂದ ಒಂದರ ಮೇಲೊಂದು ಬಂದ ಒಣ ಬೇಸಗೆಗಳಲ್ಲಿ ಬಡವಾದ ಸ್ಪ್ರೂಸ್ ತೋಪುಗಳನ್ನು ತೊಗಟೆಕೊರಕ ದುಂಬಿಗಳು ಮುಗಿಸಿದುವು. ಆ ತೋಪುಗಳಲ್ಲಿ ಬಹುಪಾಲು ಮನುಷ್ಯನು ಮರದ ವ್ಯಾಪಾರಕ್ಕೆಂದು ಸಾಲಾಗಿ ನೆಟ್ಟ ಒಂದೇ ಜಾತಿಯ ತೋಪುಗಳೆಂಬುದನ್ನು ನೆನಪಿಡಿರಿ; ಮುಂದೆ ಬೇಕಾಗುತ್ತದೆ.

ನಮ್ಮ ಕಾಡು ಹಾಗಲ್ಲ, ಅದಕ್ಕೆ ಬರ ಹೊಸದಲ್ಲ ಎಂದು ಯಾರಾದರೂ ಹೇಳಿಯಾರು. ಈ ಮಾತಿನಲ್ಲಿ ಹುರುಳಿದೆ. ಬಂಡೀಪುರವು ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ ಕಾಡು. ಅಲ್ಲಿನ ತೇಗ, ಮತ್ತಿ, ಹೊನ್ನೆ, ದಿಂಡಿಗ ಮೊದಲಾದ ಮರಗಳು ಬೇಸಗೆಗೆ ಮೊದಲೇ ಎಲೆಯುದುರಿಸಿ, ವ್ಯಾಪಾರ ಕುಗ್ಗಿದ ಕಾಲಕ್ಕೆ ಅಂಗಡಿ ಮುಚ್ಚುವ ಜಾಣ ವರ್ತಕನಂತೆ ತಮ್ಮ ಖರ್ಚನ್ನು ಇಳಿಸಿಕೊಳ್ಳುತ್ತವೆ. ಫೆಬ್ರುವರಿಯಲ್ಲಿ ಅಲ್ಲಿಗೆ ಹೋದ ಪಟ್ಟಣದವರು ಕಾಡೆಲ್ಲ ಸತ್ತಿದೆಯೆಂದು ಮರುಗುವುದುಂಟು. ಅದು ಸತ್ತಿರುವುದಿಲ್ಲ, ಉಸಿರು ಬಿಗಿಹಿಡಿದಿರುತ್ತದೆ. ಆದರೂ ಬಿಗಿಹಿಡಿದ ಉಸಿರಿಗೂ ಒಂದು ಮಿತಿಯುಂಟು. ಬಂಡೀಪುರದ ಗಡಿಗೆ ತಾಗಿಕೊಂಡಿರುವ ಮುದುಮಲೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು 1988ರಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿದರು. ಆಗ 25,000ಕ್ಕೂ ಮೇಲ್ಪಟ್ಟ ಗಿಡಮರಗಳಿದ್ದುವು. ಯಾವುದು ಬದುಕಿದೆ, ಯಾವುದು ಸತ್ತಿದೆ, ಆನೆ ಮುರಿದುದು ಯಾವುದು, ಬೆಂಕಿ ಸುಟ್ಟುದು ಯಾವುದು ಎಂದು ವರ್ಷವರ್ಷವೂ ಎಣಿಸಿದರು. ಇಂಥ ಬೇಸರವಿಲ್ಲದ ದುಡಿಮೆಯನ್ನು ನಾನು ತಪಸ್ಸೆಂದೇ ಕರೆಯುತ್ತೇನೆ. ಅದರಿಂದ ದೊರೆತ ಒಂದು ತಿಳಿವು ಇದು: ಮಳೆಯ ಕೊರತೆಯ ಪೆಟ್ಟು ದೊಡ್ಡ ಮರಗಳಲ್ಲಿ ಆ ವರ್ಷವೇ ಕಾಣಿಸದೆ, ಎರಡು ಮೂರು ವರ್ಷ ತಡವಾಗಿ ಸಾವಾಗಿ ಕಾಣಿಸಿಕೊಳ್ಳುತ್ತದೆ. ಬರ ಮುಗಿದು ಕೆರೆ ತುಂಬಿ, ಬರಪರಿಹಾರದ ಕಡತಗಳನ್ನೆಲ್ಲ ಕಟ್ಟಿಟ್ಟ ಮೇಲೆ ಮರ ಸಾಯುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಬೆಳೆಯ ನಷ್ಟಕ್ಕೆ ಲೆಕ್ಕವಾಯಿತು. ಮರದ ನಷ್ಟವನ್ನು ಯಾರು ಎಣಿಸಬೇಕು?

ಇನ್ನು ಬೆಂಕಿಯ ವಿಚಾರ. 2018ರಲ್ಲಿ ಮುಂಗಾರು ಧಾರಾಳವಾಗಿ ಸುರಿದು ಬಂಡೀಪುರದಲ್ಲಿ ಹುಲ್ಲೂ ಪೊದೆಯೂ ಎದೆಯುದ್ದ ಬೆಳೆದುವು. ಹಿಂಗಾರು ಕೈಕೊಟ್ಟಿತು. ಬೆಳೆದದ್ದೆಲ್ಲ ಒಣಗಿ ಮದ್ದಿನಂತಾಯಿತು. ಕಿಡಿಯನ್ನು ಹಾಕಿದವರು ಮನುಷ್ಯರೇ. ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆಂಬ ಅಜ್ಜಿಕಥೆಯನ್ನು ಇನ್ನಾದರೂ ಬಿಡುವುದು ಒಳ್ಳೆಯದು. ಆದರೆ ಕಿಡಿ ಬಿದ್ದಲ್ಲೆಲ್ಲ ಕಾಡು ಹಾಗೆ ಉರಿಯುವುದಿಲ್ಲ. ಉರಿಯಲು ಒಲೆ ಸಿದ್ಧವಾಗಿರಬೇಕು. ಆ ಒಲೆಗೆ ಕಟ್ಟಿಗೆ ಒಟ್ಟಿದ್ದು ಲಂಟಾನ.

ಲಂಟಾನವು ಅಮೆರಿಕ ಖಂಡದ ಗಿಡ. ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಇಂಗ್ಲಿಷರು ಹೂವಿನ ಚೆಂದಕ್ಕೆಂದು ನಮ್ಮ ದೇಶಕ್ಕೆ ತಂದದ್ದು. ತೋಟದ ಬೇಲಿಯನ್ನು ದಾಟಿ ಅದು ಕಾಡಿಗೆ ಹೊಕ್ಕಿತು. ದನ ಅದನ್ನು ಮೇಯುವುದಿಲ್ಲ. ಹಕ್ಕಿ ಅದರ ಹಣ್ಣು ತಿಂದು ಬೀಜ ಹರಡುತ್ತದೆ. ಅದರ ದಟ್ಟವಾದ ಪೊದೆಯ ಕೆಳಗೆ ಹುಲ್ಲು ಬೆಳೆಯದು, ಮತ್ತಿಯ ಸಸಿ ಏಳದು. ಬೇಸಗೆಯಲ್ಲಿ ಅದರ ಕಡ್ಡಿಗಳು ಒಣಗಿ, ನೆಲದಲ್ಲಿ ಹರಿದು ಹೋಗಬೇಕಾಗಿದ್ದ ಬೆಂಕಿಗೆ ಏಣಿಯಾಗಿ ಮರದ ನೆತ್ತಿಗೆ ಹತ್ತಿಸುತ್ತವೆ. ಬೆಂಕಿ ಹಾದುಹೋದ ಮೇಲೆ ಮೊದಲು ಚಿಗುರುವುದೂ ಅದೇ. ಬರದಲ್ಲಿ ಬಡವಾದ ಮರ, ಅದರ ಬುಡದಲ್ಲಿ ಲಂಟಾನ, ಮೇಲೆ ಬಿಸಿಗಾಳಿ: ಈ ಮೂರು ಕೂಡಿದ ಕಡೆಯಲ್ಲಿ ಬೆಂಕಿಯನ್ನು ಆರಿಸಲು ಹಸಿಸೊಪ್ಪಿನ ಕಟ್ಟು ಹಿಡಿದು ಹೋಗುವವನ ಅವಸ್ಥೆಯನ್ನು ಯೋಚಿಸಿರಿ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಾಗೆ ಹೋದ ಅರಣ್ಯ ರಕ್ಷಕನೊಬ್ಬನು ಹಿಂದಿರುಗಲಿಲ್ಲ.

ಸಮೀಪದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವಾಸಿಸುತ್ತಾರೆ. ಅವರ ಹಿರಿಯರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಗೆ ಬಲಿಯುವುದಕ್ಕೆ ಮುಂಚೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗ, ಉದುರಿದ ತರಗೆಲೆಗೆ ಅಲ್ಲಲ್ಲಿ ಬೆಂಕಿಯಿಡುತ್ತಿದ್ದರು. ಅದು ಮೊಣಕಾಲಿನೆತ್ತರವೂ ಏಳದೆ ಮೆಲ್ಲಗೆ ಹರಿದು ಆರುತ್ತಿತ್ತು. ಕಸ ಉರಿಯಿತು, ಮರ ಉಳಿಯಿತು. 1972ರ ವನ್ಯಜೀವಿ ಕಾಯಿದೆ ಬಂದು, 1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಬೆಂಕಿಯೆಂದರೆ ಕಾಡಿನ ಶತ್ರುವೆಂದೇ ಬಗೆದ ಕಾಲ ಅದು. ಅಂದಿನಿಂದ ತರಗೂ ಪೊದೆಯೂ ಕೂಡುತ್ತ ಬಂದುವು. 1997ರಲ್ಲಿ ಆ ಬೆಟ್ಟದಲ್ಲಿ ಪರಿಶೀಲಿಸಿದ ತಾಣಗಳಲ್ಲಿ ಶೇಕಡಾ 41ರಲ್ಲಿ ಲಂಟಾನವಿತ್ತು. 2008ರ ಹೊತ್ತಿಗೆ ಅದು ಶೇಕಡಾ 81ರಲ್ಲಿ ಕಂಡಿತು. ಬೆಂಕಿಯಿಲ್ಲದೆ ನೆಲ್ಲಿಯ ಮರಗಳಿಗೆ ಬಂದಣಿಕೆ ಹತ್ತಿ ಕಾಯಿ ಕಡಿಮೆಯಾಯಿತೆಂದೂ ಸೋಲಿಗರು ಹೇಳುತ್ತಾರೆ.

ಈ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಬೆಂಕಿ ಪದೇ ಪದೇ ಬಿದ್ದರೆ ಎಳೆಯ ಸಸಿಗಳು ಸತ್ತು ಕಾಡು ಮುಪ್ಪಾಗುತ್ತದೆಂದೂ, ಇಂದು ಲಂಟಾನ ತುಂಬಿರುವ ಕಾಡಿಗೆ ಹಳೆಯ ಪದ್ಧತಿಯನ್ನು ಹಾಗೆಯೇ ತಂದರೆ ಅನರ್ಥವಾದೀತೆಂದೂ ಹೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ನನ್ನ ಅಭಿಪ್ರಾಯದಲ್ಲಿ, ಸಣ್ಣ ಬೆಂಕಿಯನ್ನು ಪೂರ್ಣವಾಗಿ ನಿಷೇಧಿಸಿದವರು ದೊಡ್ಡ ಬೆಂಕಿಗೆ ಆಹ್ವಾನವಿತ್ತಂತಾಗಿದೆ. ಮೊದಲು ಲಂಟಾನವನ್ನು ಬುಡಸಹಿತ ಕಿತ್ತು, ಹುಲ್ಲು ಮರಳಿದ ಮೇಲೆ, ಸೋಲಿಗರ ಹಿರಿಯರನ್ನು ಮುಂದಿಟ್ಟುಕೊಂಡು, ತಕ್ಕ ತಿಂಗಳಲ್ಲಿ ತಕ್ಕ ತಾಣಗಳಲ್ಲಿ ತರಗು ಬೆಂಕಿಯನ್ನು ಪ್ರಯೋಗಿಸಿ ನೋಡುವುದಕ್ಕೆ ಯಾವ ಅಡ್ಡಿಯೂ ಇರಬಾರದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಲು ಕಲಿತಿದ್ದಾರೆ. ಕಳೆಯನ್ನು ಕೀಳುವ ಕೂಲಿಯೂ ಅದರಿಂದ ಸ್ವಲ್ಪಮಟ್ಟಿಗೆ ಹುಟ್ಟೀತು. ಕಾಡನ್ನು ಕಾಯಲು ಅದರಲ್ಲಿ ಹುಟ್ಟಿ ಬೆಳೆದವರನ್ನೇ ಹೊರಗಟ್ಟುವ ನೀತಿಯು ನನಗೆ ಎಂದೂ ಅರ್ಥವಾದುದಿಲ್ಲ. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಕಾಯಿದೆಯ ಮೇರೆಗೆ ಸಮುದಾಯದ ಅರಣ್ಯ ಹಕ್ಕುಗಳು ದೊರೆತದ್ದು ನ್ಯಾಯವಾದುದು.

ಇನ್ನೊಂದು ಮಾತನ್ನು ಹೇಳಿದರೆ ಶಾಲೆಯವರಿಗೆ ಸ್ವಲ್ಪ ಕಹಿಯಾದೀತು. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ, ಜುಲೈ ತಿಂಗಳು ಬಂತೆಂದರೆ ಸಸಿ ನೆಡುವುದು ಎಲ್ಲ ಶಾಲೆಗಳ ವಾರ್ಷಿಕ ವಿಧಿಯಾಗಿದೆ. ಅತಿಥಿಗಳು ಬರುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಸಸಿಗೆ ಮಾರ್ಚಿಯಲ್ಲಿ ನೀರು ಹೊಯ್ಯುವವರು ಯಾರೆಂದು ಯಾರೂ ಕೇಳುವುದಿಲ್ಲ. ಸಸಿ ನೆಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಮತ್ತಿಯ ಮರ ಬಿದ್ದುದಕ್ಕೆ ಹತ್ತು ಸಸಿ ನೆಟ್ಟು ಲೆಕ್ಕ ತೀರಿತೆನ್ನುವ ಗಣಿತ ತಪ್ಪು. ದೊಡ್ಡ ಮರದ ಬೇರು ಆಳದ ತೇವವನ್ನು ಮುಟ್ಟುತ್ತದೆ. ನೆರಳಿನಿಂದ ನೆಲವನ್ನು ತಂಪಾಗಿಡುತ್ತದೆ. ಅದರ ಬುಡದಲ್ಲಿ ಮಳೆಯ ನೀರು ಇಂಗುತ್ತದೆ. ಸಸಿಯ ಬೇರು ಗೇಣುದ್ದ; ಬಿಸಿಬರದಲ್ಲಿ ಮೊದಲು ಸಾಯುವುದು ಅದೇ. ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಟ್ಟು ಅದನ್ನು ಕಾಡೆಂದು ಕರೆದ ಜರ್ಮನಿಯಲ್ಲಿ ಏನಾಯಿತೆಂಬುದನ್ನು ಮೇಲೆ ಕಂಡೆವು. ನಿಂತಿರುವ ಹಳೆಯ ಕಾಡನ್ನು ರಸ್ತೆಗೆ, ಗಣಿಗೆ, ಬಡಾವಣೆಗೆ ಬಿಟ್ಟುಕೊಟ್ಟು, ಬದಲಿಗೆ ಬೇರೆಲ್ಲಿಯೋ ಸಸಿ ನೆಡುತ್ತೇವೆಂಬ ವಚನವನ್ನು ಯಾರು ಕೊಟ್ಟರೂ ನೀವು ನಂಬಬೇಡಿರಿ.

ಮುಂಬಯಿಯಲ್ಲಿ ಓದುವ ನಮಗೆ ಬಂಡೀಪುರದ ಗೊಡವೆಯೇಕೆ ಎಂದು ಕೇಳುವವರು ನಿಮ್ಮಲ್ಲಿ ಇರಲಾರರೆಂದು ನಂಬುತ್ತೇನೆ. ಬಂಡೀಪುರಕ್ಕೂ ನಾಗರಹೊಳೆಗೂ ನಡುವೆ ಹರಿಯುವ ಕಬಿನಿಯು ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯನ್ನೇ ಬೆಂಗಳೂರು ಕುಡಿಯುತ್ತದೆ. ಸುಟ್ಟ ಗುಡ್ಡದ ಮೇಲೆ ಬಿದ್ದ ಮೊದಲ ಮಳೆಯು ಇಂಗದೆ, ಬೂದಿಯನ್ನೂ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಾಗೆಂದು ಊರಿನ ಕಾಡನ್ನೇ ನೆನೆದು ಕಣ್ಣೆದುರಿನ ಕಾಡನ್ನು ಮರೆಯಬಾರದು. ಬೊರಿವಲಿಯ ರಾಷ್ಟ್ರೀಯ ಉದ್ಯಾನವು 100 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು. ಕಾನ್ಹೇರಿಯ ಗುಹೆಗಳನ್ನು ನೋಡಲು ಹೋದವರು ಅದರೊಳಗೆ ಹಾದಿರುತ್ತೀರಿ. 1860ರಲ್ಲಿ ಕಟ್ಟಿದ ವಿಹಾರ ಸರೋವರವೂ 1879ರ ತುಲಸಿ ಸರೋವರವೂ ಆ ಬೆಟ್ಟಗಳ ನೀರಿನಿಂದ ತುಂಬುತ್ತವೆ. ಅದೂ ಎಲೆಯುದುರಿಸುವ ಕಾಡೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣಗಿ ನಿಂತ ಅದರ ಅಂಚುಗಳಲ್ಲಿ ಮನುಷ್ಯರ ಅಜಾಗರೂಕತೆಯಿಂದ ಬೆಂಕಿ ಬೀಳುವುದುಂಟು. ಎಂಟು ವರ್ಷಕ್ಕೊಮ್ಮೆ ಅರಳುವ ಕಾರವಿಯ ನೇರಳೆ ಹೂವನ್ನು 2016ರಲ್ಲಿಯೂ 2024ರಲ್ಲಿಯೂ ಅಲ್ಲಿ ನೋಡಿದವರಿದ್ದಾರೆ. ಹೂವು ಮುಗಿದ ಮೇಲೆ ಕಾರವಿ ಸಾಯುತ್ತದೆ. ಬಿದ್ದ ಬೀಜದಿಂದ ಹೊಸ ಗಿಡ ಏಳಬೇಕು. ಈಗ ಅಲ್ಲಿರುವುದು ಆ ಎಳೆಯ ಗಿಡಗಳೇ. ಅವು 2032ರಲ್ಲಿ ಅರಳಬೇಕಾದರೆ ನಡುವಿನ ಬೇಸಗೆಗಳೆಲ್ಲವನ್ನೂ ದಾಟಬೇಕು.

ಇಷ್ಟನ್ನು ಓದಿದ ಮೇಲೆ ಏನನ್ನಾದರೂ ಮಾಡಬೇಕೆಂದು ಮನಸ್ಸಾದವರಿಗೆ ಒಂದು ಕೆಲಸವಿದೆ. ಸೀಸನ್‌ವಾಚ್ ಎಂಬ ಯೋಜನೆಯೊಂದು ನಮ್ಮ ದೇಶದಲ್ಲಿ ನಡೆಯುತ್ತಿದೆ. ಮರಗಳು ಯಾವ ವಾರದಲ್ಲಿ ಚಿಗುರಿದುವು, ಹೂತುವು, ಕಾಯಿಬಿಟ್ಟುವು ಎಂಬುದನ್ನು ಶಾಲೆಯ ಮಕ್ಕಳಿಂದಲೂ ಸಾಮಾನ್ಯ ಜನರಿಂದಲೂ ಅದು ಸಂಗ್ರಹಿಸುತ್ತದೆ. ಬಿಸಿಲು ಏರಿದಂತೆ ಮರದ ಪಂಚಾಂಗವು ಹೇಗೆ ಬದಲಾಗುತ್ತಿದೆಯೆಂಬುದು ತಿಳಿಯಬೇಕಾದರೆ ಇಂಥ ಲೆಕ್ಕ ಹತ್ತಾರು ವರ್ಷಗಳದು ಬೇಕು, ನೂರಾರು ಊರುಗಳದು ಬೇಕು. ಮುದುಮಲೆಯ ಎಣಿಕೆಯ ಚಿಕ್ಕ ತಂಗಿಯೆಂದು ಇದನ್ನು ಕರೆಯಬಹುದು. ಮಾವು, ಹುಣಿಸೆ, ಕಕ್ಕೆ ಯಾವುದಾದರೂ ಆದೀತು; ಶಾಲೆಯ ಅಂಗಳದಲ್ಲಿದ್ದರೂ ಆದೀತು, ಚಾಳಿನ ಮುಂದಿನ ರಸ್ತೆಯ ಬದಿಯಲ್ಲಿದ್ದರೂ ಆದೀತು. ವಾರವಾರವೂ ಅದೇ ಮರವನ್ನು ನೋಡಬೇಕು, ನೋಡಿದುದನ್ನು ತಾರೀಖು ಹಾಕಿ ಬರೆಯಬೇಕು. ಹತ್ತನೆಯ ತರಗತಿ ಮುಗಿಸಿ ಹೋಗುವವರು ಆ ಪುಸ್ತಕವನ್ನು ಐದನೆಯ ತರಗತಿಯವರ ಕೈಗೆ ಕೊಟ್ಟುಹೋಗಲಿ.